ಮೇಲಕ್ಕೋ, ಕೆಳಕ್ಕೋ? ಚಂಡಮಾರುತದ ಬಾಲ ಬಡಿಯುವ ರಾತ್ರಿಗೆ ಒಂದು ತಯಾರಿ

2021ರ ಸೆಪ್ಟೆಂಬರ್ 1, ಬುಧವಾರ ರಾತ್ರಿ. ಗೌರಿ ಹಬ್ಬಕ್ಕೆ ಇನ್ನೆಂಟೇ ದಿನ. ಮಾರ್ಚ್‌ನಲ್ಲಿ ಊರಿಂದ ಬಂದು, ಕೊರೊನಾ ಗಲಾಟೆಯಲ್ಲಿ ವಾಪಸ್ ಹೊರಡುವುದನ್ನು ಮುಂದೂಡುತ್ತಲೇ ಇದ್ದ ಅತ್ತೆ-ಮಾವ ಊಟ ಮುಗಿಸಿ ಬೇಸ್‌ಮೆಂಟಿನ ತಮ್ಮ ಕೋಣೆಗೆ ಇಳಿಯುತ್ತಿದ್ದರು. ನಮ್ಮದು ಮಧ್ಯ ನ್ಯೂಜೆರ್ಸಿ. ಅಷ್ಟರಲ್ಲಿ ಮನೆಯ ಫೋನುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಟೊರ್ನೆಡೊ (ಸುಂಟರಗಾಳಿ) ವಾರ್ನಿಂಗ್: ಕೂಡಲೇ ಬೇಸ್‌ಮೆಂಟಿಗೆ ಅಥವಾ ಕೆಳ ಅಂತಸ್ತಿನ ಒಳಕೋಣೆಗೆ ಹೋಗಿ. ಸರಿ, ಎಲ್ಲರೂ ಇಳಿದೆವು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಿರುಚಾಟ. ಈ ಸಲ ದಿಢೀರ್ ಪ್ರವಾಹದ್ದು: ಎತ್ತರದ ಜಾಗಕ್ಕೆ ಹೋಗಿ. ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತ ಅತ್ತೆ ಕೇಳಿದರು: "ಒಂದು ಮಾತು ಹೇಳಿಬಿಡಮ್ಮ, ಹತ್ತಲಾ, ಇಳೀಲಾ? ನನ್ನ ಮಂಡಿಗೆ ಎರಡೆರಡು ಸಲ ಆಗಲ್ಲ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಹುಡುಕಿಕೊಂಡ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಅದರಲ್ಲೂ ಬೇಸ್‌ಮೆಂಟ್ ಇರುವ ಮನೆಗಳಲ್ಲಿ ಸಂಸಾರ ಹೂಡಿರುವ ನಮ್ಮವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಊರಲ್ಲಿ ಕೂತು ಇಲ್ಲಿನ ಮಕ್ಕಳ ಬಗ್ಗೆ ಯೋಚನೆ ಮಾಡುವ ಅಪ್ಪ-ಅಮ್ಮಂದಿರೂ ಓದಬಹುದು.

ಹೆಸರು ಕಳಚಿಕೊಂಡ ಮೇಲೂ ಕಚ್ಚುತ್ತದೆ

ಆ ರಾತ್ರಿ ನಮ್ಮ ಮೇಲೆ ಸುರಿದದ್ದು ಐಡಾ ಚಂಡಮಾರುತದ ಉಳಿಕೆ. ಐಡಾ ನೆಲ ಮುಟ್ಟಿದ್ದು ಆಗಸ್ಟ್ 29ರಂದು, ಎರಡು ಸಾವಿರ ಕಿ.ಮೀ. ಹತ್ತಿರ ದೂರದ ಲೂಸಿಯಾನದಲ್ಲಿ. ನಮ್ಮ ಕಡೆ ಬರುವಷ್ಟರಲ್ಲಿ ಅದಕ್ಕೆ ಚಂಡಮಾರುತ ಎಂಬ ಪಟ್ಟವೂ ಉಳಿದಿರಲಿಲ್ಲ. "ಇನ್ನೇನು, ಬರೀ ಮಳೆ" ಎಂದುಕೊಂಡೆವು. ತೀರ್ಥಹಳ್ಳಿ ಕಡೆಯ ಮಾವನಂತೂ ಕಿಟಕಿಯಲ್ಲಿ ಇಣುಕಿ, "ನಮ್ಮ ಆಗುಂಬೆ ಮಳೆ ಮುಂದೆ ಇದೇನಮ್ಮ" ಎಂದು ನಕ್ಕಿದ್ದರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುತ್ತದೆ, ನಿಜ. ಆದರೆ ಅಲ್ಲಿ ನೀರು ಇಳಿಯಲು ಕಾಡಿದೆ, ಇಳಿಜಾರಿದೆ, ಹಳ್ಳವಿದೆ. ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಡಾಂಬರು. ಆ ರಾತ್ರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 3.15 ಇಂಚು, ಅಂದರೆ 80 ಮಿ.ಮೀ. ಸುರಿಯಿತು. ಹನ್ನೊಂದು ದಿನದ ಹಿಂದಷ್ಟೇ ಹೆನ್ರಿ ಚಂಡಮಾರುತದ ಮಳೆ ಬರೆದಿದ್ದ 1.94 ಇಂಚಿನ ದಾಖಲೆ ಅಳಿಸಿಹೋಯಿತು.

ಜೊತೆಗೆ ಗಾಳಿ. ದಕ್ಷಿಣ ಜೆರ್ಸಿಯ ಮುಲಿಕಾ ಹಿಲ್‌ನಲ್ಲಿ ಇಎಫ್-3 ದರ್ಜೆಯ (0ರಿಂದ 5ರವರೆಗಿನ ಬಿರುಸಿನ ಅಳತೆಯಲ್ಲಿ 3) ಟೊರ್ನೆಡೊ ಮನೆಗಳ ಛಾವಣಿ ಹಾರಿಸಿ ಗೋಡೆ ಕೆಡವಿತು. ಆದರೂ ಜೀವ ಹೆಚ್ಚಾಗಿ ಹೋಗಿದ್ದು ನೀರಿಗೇ. ನ್ಯೂಜೆರ್ಸಿಯಲ್ಲಿ ಸತ್ತ ಸುಮಾರು 30 ಜನರಲ್ಲಿ ಹೆಚ್ಚಿನವರು ಕಾರಿನಲ್ಲಿ ಸಿಕ್ಕಿಬಿದ್ದವರು. ನ್ಯೂಯಾರ್ಕ್ ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ಬೇಸ್‌ಮೆಂಟ್ ಮನೆಗಳಲ್ಲಿದ್ದವರು. ಈ ಲೆಕ್ಕ ನೆನಪಿರಲಿ, ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಚಂಡಮಾರುತದ ಜೊತೆ ಟೊರ್ನೆಡೊ ಯಾಕೆ ಬರುತ್ತದೆ ಅಂದರೆ, ನೆಲದ ಹತ್ತಿರದ ಗಾಳಿಯೂ ಒಂದೆರಡು ಕಿ.ಮೀ. ಮೇಲಿನ ಗಾಳಿಯೂ ಬೇರೆ ಬೇರೆ ವೇಗ, ಬೇರೆ ಬೇರೆ ದಿಕ್ಕಿನಲ್ಲಿ ಬೀಸಿ ಮಳೆಮೋಡವನ್ನು ಬುಗುರಿಯಂತೆ ತಿರುಗಿಸುತ್ತವೆ. ಬಿರುಗಾಳಿ ಸಾಗುವ ದಿಕ್ಕಿನ ಬಲ-ಮುಂಭಾಗದಲ್ಲಿ ಇದು ಹೆಚ್ಚು. 2004ರ ಐವನ್ ಹೀಗೆ ನೂರಕ್ಕೂ ಹೆಚ್ಚು ಟೊರ್ನೆಡೊ ಹಡೆದಿತ್ತು. ಸಿನಿಮಾದಲ್ಲಿ ತೋರಿಸುವ ಹಾಗೆ ದೂರದಲ್ಲಿ ಸೊಂಡಿಲು ಕಾಣಿಸಿ ಓಡಿಹೋಗುವಂಥದ್ದಲ್ಲ ಇದು. ಮಳೆಯ ಪರದೆಯೊಳಗೆ ಅಡಗಿ, ಎಷ್ಟೋ ಸಲ ಕತ್ತಲಲ್ಲಿ, ಬೇಗ ಹುಟ್ಟಿ ಬೇಗ ಸಾಯುತ್ತದೆ. ಹಾಗಾಗಿ ಕಣ್ಣಿಂದ ನೋಡಿ ನಿರ್ಧರಿಸುತ್ತೇನೆ ಎಂಬ ಮಾತೇ ಬೇಡ. ಫೋನ್ ಕಿರುಚಿದರೆ ಏಳಬೇಕು.

ಬಿಸಿಲಿರುವಾಗ ಮಾಡಬೇಕಾದ್ದು

ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್‌ನ ಚಂಡಮಾರುತ ಕಾಲ. ಮೇ ತಿಂಗಳ ಒಂದು ಭಾನುವಾರ ಸಾಕು ಇದಕ್ಕೆ.

1. ವಾಚ್ ಬೇರೆ, ವಾರ್ನಿಂಗ್ ಬೇರೆ ಎಂಬುದನ್ನು ಮನೆಯವರಿಗೆಲ್ಲ ಬಿಡಿಸಿ ಹೇಳಿ. ನಮ್ಮಲ್ಲಿ ಇಡೀ ಜಿಲ್ಲೆಗೆ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಕೊಡುತ್ತಾರೆ. ಇಲ್ಲಿ ಹಾಗಲ್ಲ. ವಾಚ್ ಅಂದರೆ ಒಗ್ಗರಣೆಗೆ ಎಣ್ಣೆ ಕಾಯುತ್ತಿದೆ. ವಾರ್ನಿಂಗ್ ಅಂದರೆ ಸಾಸಿವೆ ಸಿಡಿಯುತ್ತಿದೆ, ಅದೂ ನಿಮ್ಮ ಬೀದಿಯನ್ನೊಳಗೊಂಡ ಸಣ್ಣ ಪ್ರದೇಶಕ್ಕೆ. ಪ್ರವಾಹದಲ್ಲಿ ಇನ್ನೂ ಒಂದು ಮೇಲಿನ ಹಂತವಿದೆ, ಫ್ಲ್ಯಾಶ್ ಫ್ಲಡ್ ಎಮರ್ಜೆನ್ಸಿ. ಐಡಾದ ರಾತ್ರಿ ನ್ಯೂಯಾರ್ಕ್ ನಗರಕ್ಕೆ ಅದನ್ನು ಇತಿಹಾಸದಲ್ಲೇ ಮೊದಲ ಬಾರಿಗೆ ಕೊಟ್ಟರು. ಆ ಪದ ಕಂಡರೆ ಚರ್ಚೆ ಮಾಡುತ್ತಾ ಕೂರಬೇಡಿ.

2. ಫೋನಿನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆಗಳು ಆನ್ ಇವೆಯೇ ನೋಡಿ. ರಾತ್ರಿ ಸದ್ದಿಗೆ ಬೇಸತ್ತು ಆಫ್ ಮಾಡಿದವರು ನನಗೆ ಗೊತ್ತಿರುವವರಲ್ಲೇ ಇದ್ದಾರೆ. ಅಪ್ಪ-ಅಮ್ಮನ ಊರಿನ ಸಿಮ್‌ಗೆ ಈ ಸಂದೇಶ ಬಂದೀತೆಂದು ನೆಚ್ಚಿಕೊಳ್ಳಬೇಡಿ. ಬ್ಯಾಟರಿಯಲ್ಲಿ ನಡೆಯುವ ಒಂದು ನೋವಾ ವೆದರ್ ರೇಡಿಯೊ (ಸರ್ಕಾರದ ಹವಾಮಾನ ಎಚ್ಚರಿಕೆಗಳನ್ನು ಬಿತ್ತರಿಸುವ ರೇಡಿಯೊ) ತಂದು ಅವರು ಮಲಗುವ ಕೋಣೆಯಲ್ಲೇ ಇಡಿ.

3. ಮನೆ ವಿಳಾಸವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಜೊತೆಗೆ ಇಲ್ಲಿನ ತುರ್ತು ಕರೆಯ ಸಂಖ್ಯೆ "ನೈನ್ ಒನ್ ಒನ್". ನೀವು ಆಫೀಸಿನಲ್ಲಿದ್ದಾಗ ನೀರು ಬಂದರೆ ಅತ್ತೆ ಓದಿ ಹೇಳುವಂತಿರಬೇಕು. "ಡ್ರೈವ್", "ಕೋರ್ಟ್", "ಲೇನ್" ಯಾವುದೆಂದು ಮರೆಯಬೇಡಿ. ಒಂದೇ ಹೆಸರಿನ ಮೂರು ರಸ್ತೆ ಇರುವ ಊರು ಇದು.

4. ಕಾಗದಪತ್ರ ಒಂದೇ ಚೀಲದಲ್ಲಿ, ಮೇಲಂತಸ್ತಿನಲ್ಲಿ. ಪಾಸ್‌ಪೋರ್ಟುಗಳು, ಐ-797 (ವೀಸಾ ಅರ್ಜಿಯ ಅನುಮೋದನೆ ಪತ್ರ), ಮಕ್ಕಳ ಜನನ ಪ್ರಮಾಣಪತ್ರ, ಮನೆಯ ಮತ್ತು ಕಾರಿನ ವಿಮೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎಲ್ಲದರ ಫೋಟೊ ತೆಗೆದು ಕ್ಲೌಡಿಗೆ ಏರಿಸಿ. ದೇಶದೊಳಗೆ ಬಂದ ದಾಖಲೆಯಾದ ಐ-94 ಕಳೆದರೆ ಆನ್‌ಲೈನಲ್ಲಿ ಮತ್ತೆ ಪ್ರಿಂಟ್ ಸಿಗುತ್ತದೆ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರು, ಕಾನ್ಸುಲೇಟು ಎಂದು ತಿಂಗಳುಗಟ್ಟಲೆ ಅಲೆದಾಟ.

5. ನೀರು ಮತ್ತು ತಿಂಡಿ. ತಲೆಗೆ ದಿನಕ್ಕೊಂದು ಗ್ಯಾಲನ್ ನೀರು, ಕನಿಷ್ಠ ಮೂರು ದಿನಕ್ಕೆ. ತಿಂಡಿ ವಿಷಯದಲ್ಲಿ ನಾವು ಪುಣ್ಯವಂತರು. ಅವಲಕ್ಕಿ, ಚಟ್ನಿಪುಡಿ, ಹುರಿಗಡಲೆ, ಬೆಲ್ಲ ಇದ್ದರೆ ಒಲೆಯೇ ಬೇಡ. ಹಿರಿಯರ ಬಿಪಿ, ಶುಗರ್ ಮಾತ್ರೆಗಳು ಒಂದು ವಾರಕ್ಕೆ ಬೇರೆಯಾಗಿ ಇರಲಿ.

6. ಊರಿನಲ್ಲಿ ಒಬ್ಬರನ್ನು ಗೊತ್ತು ಮಾಡಿ. ಇಲ್ಲಿ ರಾತ್ರಿ 9 ಗಂಟೆ ಅಂದರೆ ಬೆಂಗಳೂರಿನಲ್ಲಿ ಬೆಳಿಗ್ಗೆ 6.30. ನಾವು ನೀರಿನೊಂದಿಗೆ ಗುದ್ದಾಡುವ ಹೊತ್ತಿಗೆ ಸರಿಯಾಗಿ ಅಲ್ಲಿ ಕಾಫಿ ಕುಡಿಯುತ್ತ ಟಿವಿ ಹಾಕಿರುತ್ತಾರೆ. ಆ ರಾತ್ರಿ ನಮ್ಮ ಫೋನಿನ ಚಾರ್ಜು ಇಳಿದದ್ದು ಚಿಕ್ಕಪ್ಪ, ದೊಡ್ಡಮ್ಮ, ನಾದಿನಿಯ ಬೀಗರು ಎಲ್ಲರಿಗೂ "ಹೂಂ, ಚೆನ್ನಾಗಿದ್ದೀವಿ" ಎಂದು ಹೇಳುವುದರಲ್ಲೇ. ಈಗ ನನ್ನ ತಮ್ಮನಿಗೆ ಮಾತ್ರ ಒಂದು ಮೆಸೇಜು. ಉಳಿದವರೆಲ್ಲ ಅವನನ್ನೇ ಕೇಳಬೇಕು.

ಅತ್ತೆಯ ಪ್ರಶ್ನೆಗೆ ಉತ್ತರ

ಟೊರ್ನೆಡೊ ಮತ್ತು ದಿಢೀರ್ ಪ್ರವಾಹದ ಎಚ್ಚರಿಕೆ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬರುವುದಕ್ಕೆ ಹವಾಮಾನ ತಜ್ಞರು ಎರಡೂ ಹೆಸರು ಬೆಸೆದು "ಟಾರ್‌ಫ್" ಎಂದು ಕರೆಯುತ್ತಾರೆ. ಅಂದರೆ ತಬ್ಬಿಬ್ಬಾಗುವುದು ನಮ್ಮ ದಡ್ಡತನವಲ್ಲ. ಎರಡು ಸಲಹೆಗಳು ನಿಜಕ್ಕೂ ಒಂದಕ್ಕೊಂದು ಎದುರು. ಆದ್ದರಿಂದ ಆ ಕ್ಷಣದಲ್ಲಿ ಯೋಚಿಸುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ. ಮೊದಲೇ ಮನೆ ಸುತ್ತಿ ಮೂರು ಜಾಗ ಗೊತ್ತು ಮಾಡಿಡಿ.

ಒಂದು ಮಾತು ಮೊದಲು. ಅಮೆರಿಕದ ಫಸ್ಟ್ ಫ್ಲೋರ್ ಅಂದರೆ ನಮ್ಮ ಗ್ರೌಂಡ್ ಫ್ಲೋರ್. "ಫಸ್ಟ್ ಫ್ಲೋರಿಗೆ ಹೋಗಿ" ಎಂದರೆ ಊರಿಂದ ಬಂದವರು ಮಹಡಿ ಹತ್ತುತ್ತಾರೆ. ನಾವೀಗ ಮನೆಯಲ್ಲಿ "ಅಡುಗೆಮನೆ ಅಂತಸ್ತು", "ಮಲಗೋ ಅಂತಸ್ತು" ಎಂದೇ ಹೇಳುತ್ತೇವೆ.

ಮೊದಲ ಜಾಗ: ಅಡುಗೆಮನೆ ಅಂತಸ್ತಿನ ಒಳಕೋಣೆ. ಚಂಡಮಾರುತದ ಮಳೆ ಇದ್ದು, ಟೊರ್ನೆಡೊ ವಾರ್ನಿಂಗೂ ಬಂದರೆ ನಮ್ಮ ಮನೆಯ ನಿಯಮ ಇದು. ಕಿಟಕಿಯಿಲ್ಲದ ಬಚ್ಚಲುಮನೆ, ಮೆಟ್ಟಿಲ ಕೆಳಗಿನ ಕ್ಲಾಸೆಟ್, ಇಲ್ಲವೇ ನಡುವಿನ ಹಜಾರ. ಗಾಳಿಗೂ ನಿಮಗೂ ನಡುವೆ ಎಷ್ಟು ಹೆಚ್ಚು ಗೋಡೆ ಇದ್ದರೆ ಅಷ್ಟು ಒಳ್ಳೆಯದು. ಬೇಸ್‌ಮೆಂಟ್ ಟೊರ್ನೆಡೊಗೆ ಇದಕ್ಕಿಂತ ಭದ್ರ, ಸುಳ್ಳಲ್ಲ. ಬರೀ ಗುಡುಗು-ಸಿಡಿಲಿನ ದಿನವಾದರೆ ಅಲ್ಲಿಗೇ ಹೋಗಿ. ಆದರೆ ದಿಢೀರ್ ಪ್ರವಾಹದ ವಾರ್ನಿಂಗ್ ಜಾರಿಯಲ್ಲಿರುವಾಗ, ಹಿಂದೆ ಒಮ್ಮೆಯಾದರೂ ನೀರು ನುಗ್ಗಿದ ಬೇಸ್‌ಮೆಂಟಿಗೆ ಇಳಿಯಬೇಡಿ. ಎಂದೂ ನೀರು ಬಾರದ, ಒಣಗಿದ ಬೇಸ್‌ಮೆಂಟ್ ಆದರೆ ಇಳಿಯಬಹುದು, ಆದರೆ ಮೆಟ್ಟಿಲ ಬುಡದಲ್ಲೇ ಕೂರಿ, ಕಣ್ಣು ನೆಲದ ಮೇಲಿರಲಿ. ಒದ್ದೆ ಕಂಡರೆ ಹತ್ತಿಬಿಡಿ. ಟೊರ್ನೆಡೊ ನಿಮ್ಮ ಮನೆ ದಾಟುವುದು ನಿಮಿಷಗಳ ಮಾತು, ವಾರ್ನಿಂಗೂ ಹೆಚ್ಚಾಗಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ನೀರಿನದು ಗಂಟೆಗಟ್ಟಲೆಯ ಲೆಕ್ಕ.

ಒಳಕೋಣೆಗೆ ಹೋಗುವಾಗ ಶೂ ಹಾಕಿಕೊಳ್ಳಿ. ಹೌದು, ಮನೆಯೊಳಗೇ. ಬಾಗಿಲಲ್ಲಿ ಚಪ್ಪಲಿ ಬಿಡುವ ನಮ್ಮ ಪದ್ಧತಿ ಒಳ್ಳೆಯದೇ, ಆದರೆ ಗಾಜು ಒಡೆದ ಮನೆಯಲ್ಲಿ ಬರಿಗಾಲಿನಲ್ಲಿ ಬಾಗಿಲವರೆಗೆ ನಡೆಯುವುದು ಹೇಗೆ? ನಾವು ಎಲ್ಲರ ಒಂದೊಂದು ಹಳೇ ಜೊತೆಯನ್ನು ತೊಳೆದು ಆ ಕ್ಲಾಸೆಟ್‌ನಲ್ಲೇ ಇಟ್ಟಿದ್ದೇವೆ. ಅತ್ತೆಯ ಮುಖ ಸಣ್ಣಗಾಯಿತು, ಆಮೇಲೆ ಒಪ್ಪಿದರು. ತಲೆಗೆ ಹೆಲ್ಮೆಟ್: ಮಕ್ಕಳ ಸೈಕಲ್‌ದು, ಮಗನ ಕ್ರಿಕೆಟ್‌ದು, ಯಾವುದಾದರೂ ಸರಿ. ಮೇಲೊಂದು ದಪ್ಪ ರಜಾಯಿ.

ಎರಡನೇ ಜಾಗ: ಮಲಗೋ ಅಂತಸ್ತಿನ ಒಳಕೋಣೆ. ಅಡುಗೆಮನೆ ಅಂತಸ್ತಿಗೂ ನೀರು ಬರತೊಡಗಿದರೆ, ಟೊರ್ನೆಡೊ ವಾರ್ನಿಂಗ್ ಇದ್ದರೂ ಸರಿ, ಮೇಲಕ್ಕೆ. ಅಲ್ಲಿಯೂ ಕಿಟಕಿಯಿಲ್ಲದ ಬಚ್ಚಲು ಅಥವಾ ಕ್ಲಾಸೆಟ್. ಕಣ್ಣೆದುರಿಗಿರುವ ಅಪಾಯ ಮೊದಲು, ಬರಬಹುದಾದ ಅಪಾಯ ಆಮೇಲೆ.

ಮೂರನೇ ಜಾಗ: ಛಾವಣಿಯ ಮೇಲೆ. ಇದು ಮಾತಿಗೆ ಅಷ್ಟೇ, ಬಹಳ ಮನೆಗಳಿಗೆ ಬೇಕಾಗುವುದಿಲ್ಲ. ಆದರೆ ಅಟ್ಟಕ್ಕೆ ಮಾತ್ರ ಹೋಗಬೇಡಿ. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸಿನ ಜನ ಅಟ್ಟ ಹತ್ತಿ, ಹಿಂದೆಯೇ ನೀರು ಏರಿ, ಹೊರಬರುವ ದಾರಿಯಿಲ್ಲದೆ ಸತ್ತರು. 2017ರಲ್ಲಿ ಹ್ಯೂಸ್ಟನ್ ಹಾರ್ವಿಯಲ್ಲಿ ಮುಳುಗುತ್ತಿದ್ದಾಗ ಅಧಿಕಾರಿಗಳು ಇದನ್ನೇ ಕೂಗಿ ಕೂಗಿ ಹೇಳಿದ್ದರು: ಅಟ್ಟಕ್ಕಲ್ಲ, ಛಾವಣಿಗೆ. ಅಂದ ಹಾಗೆ ಹ್ಯೂಸ್ಟನ್, ಡಲ್ಲಾಸ್ ಕಡೆಯವರಿಗೆ ಬೇಸ್‌ಮೆಂಟಿನ ಗೊಂದಲವೇ ಇಲ್ಲ, ಅಲ್ಲಿನ ಮನೆಗಳು ಹೆಚ್ಚಾಗಿ ನೆಲದ ಮೇಲಿನ ಕಾಂಕ್ರೀಟ್ ಹಾಸಿನ ಮೇಲೇ ನಿಂತಿವೆ. ಅವರು ಮೊದಲ ಜಾಗದಿಂದ ಶುರು ಮಾಡಿದರಾಯಿತು.

ಬೇಸ್‌ಮೆಂಟಿನಲ್ಲೇ ಬಾಡಿಗೆಗಿರುವ ವಿದ್ಯಾರ್ಥಿಗಳಿಗೆ ಬೇರೆಯೇ ಮಾತು. ನಿಮಗೆ ವಾರ್ನಿಂಗ್‌ವರೆಗೂ ಕಾಯುವ ಸ್ವಾತಂತ್ರ್ಯ ಇಲ್ಲ. ವಾಚ್ ಇರುವ ರಾತ್ರಿ ಮೇಲಿನ ಮನೆಯವರ ಸೋಫಾ, ಗೆಳೆಯರ ಮನೆ, ಎಲ್ಲಾದರೂ ಸರಿ, ಮೊದಲೇ ಹೋಗಿ ಮಲಗಿ. ಕಾರಣಕ್ಕೆ ಒಂದು ಸಣ್ಣ ಲೆಕ್ಕ: ಮೂರು ಅಡಿ ಅಗಲದ ಬಾಗಿಲಿನ ಹೊರಗೆ ಎರಡು ಅಡಿ ನೀರು ನಿಂತರೆ, ಅದು ಬಾಗಿಲನ್ನು ಒತ್ತುವ ಬಲ ಸುಮಾರು 170 ಕಿಲೋ ತೂಕದಷ್ಟು. ಇಪ್ಪತ್ತೈದರ ಹುಡುಗನೂ ಅದನ್ನು ನೂಕಲಾರ. ಕಿಟಕಿ ಮೂಲಕ ಹೊರಬರಬಹುದೇ, ಕಬ್ಬಿಣದ ಸರಳು ಇದೆಯೇ, ಹಗಲಿನಲ್ಲಿ ನೋಡಿಟ್ಟುಕೊಳ್ಳಿ.

ನಮ್ಮ ಮನೆಯಲ್ಲಿ ಆದದ್ದು ಹೀಗೆ. ಕರೆಂಟ್ ಹೋಯಿತು. ಬೇಸ್‌ಮೆಂಟಿನ ಮೂಲೆಯಲ್ಲಿ ಮನೆಯಡಿಯ ನೀರು ಸೇರುವ ಗುಂಡಿಯಿಂದ ಗುಳುಗುಳು ಸದ್ದು. ಟಾರ್ಚ್ ಬಿಟ್ಟು ನೋಡಿದರೆ ಗುಂಡಿಯ ಮುಚ್ಚಳ ತಾನಾಗಿ ತೇಲಿ ಪಕ್ಕಕ್ಕೆ ಸರಿದಿತ್ತು. ಹತ್ತು ನಿಮಿಷದಲ್ಲಿ ಕಾರ್ಪೆಟ್ ಕಾಣಲಿಲ್ಲ. ರಾಗಿಹಿಟ್ಟಿನ ಹಳದಿ ಡಬ್ಬ ದೋಣಿಯ ಹಾಗೆ ಬಂದು ಮೆಟ್ಟಿಲಿಗೆ ಬಡಿದು ನಿಂತಿತು. ಅತ್ತೆ "ಗೌರಿ ಸಾಮಾನು ಕೆಳಗಿದೆ" ಎಂದು ಇಳಿಯಹೊರಟರು. ಮಾವ ಅವರ ಕೈ ಹಿಡಿದು ಕೂರಿಸಿದರು, ಒಂದು ಮಾತೂ ಆಡಲಿಲ್ಲ. ಅದೇ ಆ ರಾತ್ರಿಯ ಸರಿಯಾದ ನಿರ್ಧಾರ.

ಕಾರಿನಲ್ಲಿದ್ದರೆ

ಆರು ಇಂಚು ಹರಿಯುವ ನೀರು ದೊಡ್ಡವರನ್ನೇ ಬೀಳಿಸುತ್ತದೆ, ಒಂದು ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ, ಎರಡು ಅಡಿ ನೀರಿಗೆ ಎಸ್‌ಯುವಿಯೂ ನಿಲ್ಲುವುದಿಲ್ಲ. ರಸ್ತೆ ಮೇಲೆ ನೀರು ಕಂಡರೆ ತಿರುಗಿಸಿ. ರಾತ್ರಿ ಹೊತ್ತು ಆಳ ಗೊತ್ತಾಗುವುದಿಲ್ಲ, ಕೆಳಗೆ ರಸ್ತೆಯೇ ಕೊಚ್ಚಿಹೋಗಿರಬಹುದು. "ಮುಂದಿನ ಕಾರು ದಾಟಿತಲ್ಲ" ಎಂಬುದು ಸಾಕ್ಷಿಯಲ್ಲ.

ಸಿಕ್ಕಿಬಿದ್ದರೆ ಸೀಟ್ ಬೆಲ್ಟ್ ತೆಗೆದು, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಹಾಕಿ. ಫೋನ್ ಮಾಡುತ್ತ ಒಳಗೆ ಕೂರಬೇಡಿ. ಟೊರ್ನೆಡೊ ಸಮಯದಲ್ಲಿ ಸೇತುವೆ ಕೆಳಗೆ ಕಾರು ನಿಲ್ಲಿಸುವುದೂ ತಪ್ಪು. ಅಲ್ಲಿ ಗಾಳಿ ಇನ್ನೂ ಜೋರು, ಮಳೆಯಲ್ಲಾದರೆ ಮೊದಲು ನೀರು ತುಂಬುವುದೂ ಅದೇ ಜಾಗ. ಹತ್ತಿರದ ಅಂಗಡಿ, ಗ್ಯಾಸ್ ಸ್ಟೇಷನ್, ಯಾವುದಾದರೂ ಗಟ್ಟಿ ಕಟ್ಟಡದೊಳಗೆ ನುಗ್ಗಿ. ಯಾರೂ ಏನೂ ಅನ್ನುವುದಿಲ್ಲ.

ಮರುದಿನದ ನೀಲಿ ಆಕಾಶ

ಗುರುವಾರ ಬೆಳಿಗ್ಗೆ ಎಂಥ ಬಿಸಿಲು! ಆಕಾಶ ಒರೆಸಿಟ್ಟ ಹಾಗಿತ್ತು. ಆದರೆ ರಾರಿಟನ್ ನದಿ ಉಕ್ಕಿ ಹರಿಯುತ್ತಿತ್ತು. ಮೇಲಿನ ಊರುಗಳ ನೀರೆಲ್ಲ ಆಗಷ್ಟೇ ಕೆಳಗಿಳಿದು ಬರುತ್ತಿತ್ತು. ಬೌಂಡ್ ಬ್ರೂಕ್, ಮ್ಯಾನ್‌ವಿಲ್ ಮುಳುಗಿದ್ದವು. ಮ್ಯಾನ್‌ವಿಲ್‌ನಲ್ಲಿ ನೀರು ನಿಂತ ಕಟ್ಟಡಗಳಲ್ಲಿ ಸ್ಫೋಟವಾಗಿ ಬೆಂಕಿ ಎದ್ದರೂ, ಸುತ್ತ ನೀರಿದ್ದುದರಿಂದ ಅಗ್ನಿಶಾಮಕ ವಾಹನ ಹತ್ತಿರ ಹೋಗಲಾಗಲಿಲ್ಲ. ಹಾಗಾಗಿ ಮಳೆ ನಿಂತಿತೆಂದು ಊರು ನೋಡಲು ಹೊರಡಬೇಡಿ. ಮನೆಯೊಳಗೂ ಆತುರ ಬೇಡ.

- ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಡ್ಡಿ ಗೀರದೆ ಎಲ್ಲರೂ ಹೊರಗೆ. ದೂರ ಹೋದ ಮೇಲೆ 911ಕ್ಕೆ ಕರೆ. ಒಮ್ಮೆ ಬಂದ್ ಮಾಡಿದ ಗ್ಯಾಸನ್ನು ನೀವೇ ಮತ್ತೆ ತೆರೆಯಬೇಡಿ, ಕಂಪನಿಯವರೇ ಬರಬೇಕು.

- ಬೇಸ್‌ಮೆಂಟಿನ ನೀರಿಗೆ ಕಾಲಿಡುವ ಮುಂಚೆ ನೀರು ಪ್ಲಗ್ ಪಾಯಿಂಟ್ ಮುಟ್ಟಿದೆಯೇ, ಕರೆಂಟಿನ ಪ್ಯಾನೆಲ್ ಎಲ್ಲಿದೆ ಎಂದು ಯೋಚಿಸಿ. ಪ್ಯಾನೆಲ್ಲೇ ಬೇಸ್‌ಮೆಂಟಿನಲ್ಲಿದ್ದು, ಅದಕ್ಕೆ ಹೋಗಲು ನೀರಲ್ಲಿ ನಡೆಯಬೇಕೆಂದರೆ, ಹೋಗಬೇಡಿ. ವಿದ್ಯುತ್ ಕಂಪನಿಗೆ ಹೇಳಿ ಹೊರಗಿನಿಂದ ತೆಗೆಸಿ.

- ಜನರೇಟರ್ ಇದ್ದವರು ಅದನ್ನು ಮನೆಯಿಂದ 20 ಅಡಿಯಾದರೂ ದೂರ, ಹೊಗೆ ಬರುವ ಬದಿ ಕಿಟಕಿಗಳಿಂದ ಆಚೆಗೆ ಇರುವಂತೆ ಇಡಿ. ಗ್ಯಾರೇಜಿನ ಬಾಗಿಲು ತೆರೆದಿದ್ದರೂ ಗ್ಯಾರೇಜಲ್ಲಿ ಬೇಡ. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

- ನೀರನ್ನು ಒಂದೇ ಸಲ ಎಳೆದುಹಾಕಬೇಡಿ. ಇದು ನನಗೂ ಹೊಸ ವಿಷಯ. ಬೇಸ್‌ಮೆಂಟ್ ಪೂರ್ತಿ ತುಂಬಿದ್ದರೆ, ಹೊರಗಿನ ಮಣ್ಣೂ ನೀರು ಕುಡಿದು ಗೋಡೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಒಳಗಿನ ನೀರು ಆ ಗೋಡೆಗೆ ಆಧಾರ. ಅದನ್ನು ಥಟ್ಟನೆ ತೆಗೆದರೆ ಗೋಡೆ ಒಳಗೆ ಕುಸಿಯಬಹುದು. ಒಂದು ಅಡಿ ಇಳಿಸಿ, ಗೋಡೆಗೆ ಗುರುತು ಹಾಕಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ನೀರು ಗುರುತು ಮೀರಿ ಏರಿದ್ದರೆ ಇನ್ನೂ ಕಾಯಿರಿ. ನಮ್ಮದು ಒಂಬತ್ತೇ ಇಂಚು, ಆ ಭಯ ಇರಲಿಲ್ಲ.

- ಕರೆಂಟ್ ಹೋದ ಮೇಲೆ ಫ್ರಿಜ್ ಮುಚ್ಚಿಯೇ ಇದ್ದರೆ ನಾಲ್ಕು ಗಂಟೆ, ತುಂಬಿದ ಫ್ರೀಜರ್ 48 ಗಂಟೆ. ಅದಕ್ಕಿಂತ ಆಮೇಲಿನ ಹಾಲು, ದೋಸೆಹಿಟ್ಟು ಎರಡೂ ತೊಟ್ಟಿಗೆ.

ಏನು ಉಳಿಸಬಹುದು, ಏನು ಬಿಡಬೇಕು

ಪ್ರವಾಹದ ನೀರು ಮಳೆನೀರಲ್ಲ. ಅದರಲ್ಲಿ ಚರಂಡಿ ಇದೆ, ಪೆಟ್ರೋಲಿದೆ, ಪಕ್ಕದ ಮನೆಯ ಲಾನಿಗೆ ಹಾಕಿದ ವಿಷವಿದೆ. ರಬ್ಬರ್ ಬೂಟು, ಕೈಗವಸು, ಎನ್-95 ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಮೊದಲು ಫೋಟೊ. ಏನನ್ನೂ ಹೊರಗೆ ಎಸೆಯುವ ಮುಂಚೆ ಪ್ರತಿ ಮೂಲೆ, ಗೋಡೆ ಮೇಲಿನ ನೀರಿನ ಗೆರೆ, ವಾಷಿಂಗ್ ಮೆಷೀನು, ಮನೆ ಬೆಚ್ಚಗಿಡುವ ಫರ್ನೇಸಿನ ಮಾಡೆಲ್ ಮತ್ತು ಸೀರಿಯಲ್ ನಂಬರ್, ಎಲ್ಲದರ ಚಿತ್ರ ತೆಗೆಯಿರಿ. ಕಾರ್ಪೆಟಿನ ಒಂದು ತುಂಡನ್ನು ಕತ್ತರಿಸಿ ಚೀಲದಲ್ಲಿಡಿ. ವಿಮೆಯವರು ಅದನ್ನು ಕೇಳುತ್ತಾರೆ.

ಆಮೇಲೆ ಗಡಿಯಾರ ನೋಡಿಕೊಂಡು ಕೆಲಸ. 24ರಿಂದ 48 ಗಂಟೆಯೊಳಗೆ ಬೂಸ್ಟು ಶುರು. ಡ್ರೈವಾಲ್ (ಜಿಪ್ಸಮ್ ಹಲಗೆಯ) ಗೋಡೆ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಂಬತ್ತು ಇಂಚಿನ ನೀರಿಗೆ ನಮ್ಮ ಗೋಡೆ ಎರಡು ಅಡಿವರೆಗೆ ಮೆತ್ತಗಾಗಿತ್ತು. ಒದ್ದೆ ಏರಿದ ಗೆರೆಗಿಂತ ಒಂದು ಅಡಿಯಾದರೂ ಮೇಲಕ್ಕೆ ಕತ್ತರಿಸಿ ತೆಗೆಯಬೇಕು, ಒಳಗಿನ ಉಣ್ಣೆಯಂಥ ಇನ್ಸುಲೇಷನ್ ಸಮೇತ. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹಗಲು-ರಾತ್ರಿ ಓಡಲಿ. ಗಟ್ಟಿ ಮೇಲ್ಮೈಯ ಬೂಸ್ಟಿಗೆ ಒಂದು ಗ್ಯಾಲನ್ ನೀರಿಗೆ ಒಂದು ಕಪ್ಪಿಗಿಂತ ಹೆಚ್ಚು ಬ್ಲೀಚ್ ಬೇಡ, ಮತ್ತು ಅದಕ್ಕೆ ಅಮೋನಿಯವಾಗಲಿ, ಬೇರೆ ಯಾವುದೇ ಕ್ಲೀನರ್ ಆಗಲಿ ಬೆರೆಸಲೇಬೇಡಿ. ವಿಷದ ಹೊಗೆ ಬರುತ್ತದೆ.

ನೀರು ಮುಟ್ಟಿದ ಫರ್ನೇಸ್, ವಾಟರ್ ಹೀಟರುಗಳನ್ನು ಒಣಗಿತೆಂದು ಹಚ್ಚಬೇಡಿ. ತಿಳಿದವರು ನೋಡಲಿ, ಗ್ಯಾಸ್ ವಾಲ್ವ್ ಬದಲಾಯಿಸಲೇಬೇಕಾಗುತ್ತದೆ.

ಕಷ್ಟದ ಭಾಗ ಅಡುಗೆ ಸಾಮಾನು. ತಿರುಗಿಸುವ ಮುಚ್ಚಳದ ಬಾಟಲಿಯಾಗಲಿ, ಒತ್ತಿ ಮುಚ್ಚುವ ಡಬ್ಬವಾಗಲಿ, ಪ್ರವಾಹದ ನೀರು ಹೊರಗೆ ತಗುಲಿದರೂ ಸಾಕು, ಒಳಗಿನದನ್ನು ಬಿಸಾಡಬೇಕು. ಮುಚ್ಚಳದ ಸಂದಿಯನ್ನು ತೊಳೆಯಲು ಆಗುವುದಿಲ್ಲ. ಅತ್ತೆ ಊರಿಂದ ಹೊತ್ತು ತಂದ ಮಿಡಿ ಉಪ್ಪಿನಕಾಯಿಯ ಎರಡು ಬಾಟಲಿ ಹಾಗೇ ಹೋದವು. "ಎಣ್ಣೆ ಮೇಲೆ ನಿಂತಿದೆ, ಒಳಗೆ ಏನೂ ಹೋಗಿಲ್ಲ" ಎಂದು ಎರಡು ದಿನ ವಾದ ನಡೆಯಿತು. ಮೂರನೇ ದಿನ ಅವರೇ ಹೊರಗಿಟ್ಟರು, ನನ್ನ ಜೊತೆ ಮಾತ್ರ ಮಾತಿಲ್ಲ. ಉಬ್ಬದ, ತುಕ್ಕು ಹಿಡಿಯದ ಸೀಲಾದ ಟಿನ್‌ಗಳನ್ನಷ್ಟೇ ಲೇಬಲ್ ಕಿತ್ತು, ತೊಳೆದು, ಸೋಂಕು ತೆಗೆದು ಇಟ್ಟುಕೊಳ್ಳಬಹುದು.

ಹಿತ್ತಾಳೆ, ಬೆಳ್ಳಿ ಪೂಜಾ ಸಾಮಾನು ಉಳಿಯುತ್ತವೆ. ಬಿಸಿನೀರು-ಸೋಪಿನಲ್ಲಿ ತೊಳೆದು, ಕುದಿಯುವ ನೀರಲ್ಲಿ ಅದ್ದಿ ತೆಗೆದು, ಆಮೇಲೆ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆವು. ಪ್ಲೈವುಡ್ಡಿನ ಮಂಟಪ ಉಬ್ಬಿಹೋಗಿತ್ತು, ಬಿಟ್ಟೆವು. ಒದ್ದೆಯಾದ ಹಳೇ ಫೋಟೊಗಳನ್ನು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಲವಂತದಿಂದ ಬಿಡಿಸಬೇಡಿ. ಶುದ್ಧ ನೀರಲ್ಲಿ ಮೆಲ್ಲಗೆ ಬಿಡಿಸಿ ನೆರಳಲ್ಲಿ ಹರಡಿ. ಸಮಯವಿಲ್ಲದಿದ್ದರೆ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ತಿಂಗಳು ಬಿಟ್ಟು ನೋಡಿಕೊಂಡರೂ ಆಯಿತು.

ದುಡ್ಡಿನ ವಿಷಯ

ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹ ಸೇರಿಲ್ಲ. ಟೊರ್ನೆಡೊ ಛಾವಣಿ ಹಾರಿಸಿದರೆ ಕೊಡುತ್ತಾರೆ, ನೆಲದಿಂದ ನೀರು ಬಂದರೆ ಇಲ್ಲ. ಬಾಡಿಗೆದಾರರ ವಿಮೆಯದೂ ಇದೇ ಕಥೆ. ಅದಕ್ಕೆ ಬೇರೆ ಪ್ರವಾಹ ವಿಮೆ ಬೇಕು. ಸರ್ಕಾರದ ರಾಷ್ಟ್ರೀಯ ಪ್ರವಾಹ ವಿಮೆಯಲ್ಲಿ ವಾಸದ ಮನೆಯ ಕಟ್ಟಡಕ್ಕೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್ ಮಿತಿ. ಬಾಡಿಗೆದಾರರು ಸಾಮಾನಿಗೆ ಮಾತ್ರವೂ ಕೊಳ್ಳಬಹುದು. ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಜಾರಿ. ಟಿವಿಯಲ್ಲಿ ಚಂಡಮಾರುತ ತಿರುಗುವುದನ್ನು ನೋಡಿ ಫೋನ್ ಮಾಡಿದರೆ ಪ್ರಯೋಜನವಿಲ್ಲ.

ಬೇಸ್‌ಮೆಂಟಿನವರಿಗೆ ಇನ್ನೊಂದು ಕೊಕ್ಕೆ. ಆ ವಿಮೆ ಬೇಸ್‌ಮೆಂಟಿನ ಫರ್ನೇಸ್, ವಾಟರ್ ಹೀಟರ್, ಕರೆಂಟ್ ಪ್ಯಾನೆಲ್, ಶುಚಿ ಮಾಡುವ ಖರ್ಚು ಇಂಥದ್ದಕ್ಕಷ್ಟೇ. ಸೋಫಾ, ಟಿವಿ, ಕಾರ್ಪೆಟ್, ನಾವು ಮೂವತ್ತು ಸಾವಿರ ಸುರಿದು ಮಾಡಿಸಿದ ಕೋಣೆ ಯಾವುದೂ ಅದರ ಲೆಕ್ಕಕ್ಕಿಲ್ಲ. ಚರಂಡಿ ಹಿಮ್ಮುಖವಾಗಿ ಉಕ್ಕಿದರೆ ಅಥವಾ ಬೇಸ್‌ಮೆಂಟಿನ ಗುಂಡಿಯ ನೀರನ್ನು ಹೊರಹಾಕುವ ಸಂಪ್ ಪಂಪ್ ಕೈಕೊಟ್ಟರೆ ಎಂದು ಮನೆ ವಿಮೆಗೆ ಸೇರಿಸುವ ಪುಟ್ಟ ಉಪವಿಮೆ ಇದೆ. ನಮ್ಮ ಏಜೆಂಟ್ ಅದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಕೇಳಿ. ಕಾರಿಗೆ ಕಾಂಪ್ರಹೆನ್ಸಿವ್ ವಿಮೆ ಇದ್ದರೆ ನೀರಿನ ಹಾನಿಗೆ ಸಿಗುತ್ತದೆ.

ಅಧ್ಯಕ್ಷರು ದೊಡ್ಡ ವಿಪತ್ತೆಂದು ಘೋಷಿಸಿದ ಕೌಂಟಿಗಳಲ್ಲಿ ಫೀಮಾ (ಕೇಂದ್ರ ಸರ್ಕಾರದ ವಿಪತ್ತು ನೆರವು ಸಂಸ್ಥೆ) ನೆರವು ಸಿಗುತ್ತದೆ, ದೂರವಾಣಿ 1-800-621-3362. ನಮ್ಮವರಲ್ಲಿ ಬಹಳ ಜನ "ನಮಗೆ ಎಚ್-1ಬಿ, ನಮಗೆಲ್ಲಿ" ಎಂದು ಸುಮ್ಮನಾಗುತ್ತಾರೆ. ನಗದು ನೆರವು ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್‌ನಂಥ ಅರ್ಹತೆ ಇರುವವರಿಗೆ ಎಂಬುದು ನಿಜ. ಆದರೆ ಮನೆಯಲ್ಲಿ ಇಲ್ಲಿ ಹುಟ್ಟಿದ ಅಪ್ರಾಪ್ತ ಮಗುವಿದ್ದರೆ, ಆ ಮಗುವಿನ ಪರವಾಗಿ ಅಪ್ಪ-ಅಮ್ಮ ಅರ್ಜಿ ಹಾಕಲು ಅವಕಾಶ ಇದ್ದೇ ಇದೆ. ತಾತ್ಕಾಲಿಕ ಆಸರೆ, ಊಟ, ನೀರಿಗೆ ಯಾರೂ ವೀಸಾ ಕೇಳುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ಮತ್ತೊಮ್ಮೆ ವಿಚಾರಿಸಿ.

ನೀರಿಳಿದ ಮೂರನೇ ದಿನಕ್ಕೆ ಬಾಗಿಲು ತಟ್ಟುವ ಗುತ್ತಿಗೆದಾರರು ಬರುತ್ತಾರೆ. ನ್ಯೂಜೆರ್ಸಿಯಲ್ಲಿ ಮನೆ ದುರಸ್ತಿಯವರಿಗೆ 13ವಿಎಚ್ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಕೇಳಿದ ಕೂಡಲೇ ಅರ್ಧ ಜನ ಮಾಯ. ಪೂರ್ತಿ ಹಣ ಮುಂಗಡ ಕೊಡಬೇಡಿ. ಫೀಮಾ ಪರಿಶೀಲಕ ಎಂದು ಹೇಳಿಕೊಂಡು ದುಡ್ಡು ಕೇಳಿದವನು ಮೋಸಗಾರ, ಅವರು ಹಣ ಕೇಳುವುದಿಲ್ಲ.

ಹೊಸದಾಗಿ ಮನೆ ಬಾಡಿಗೆಗೆ ಹುಡುಕುವವರಿಗೆ: 2024ರ ಮಾರ್ಚ್‌ನಿಂದ ನ್ಯೂಜೆರ್ಸಿಯಲ್ಲಿ ಮನೆಮಾಲೀಕರು ಪ್ರವಾಹದ ಅಪಾಯವನ್ನು ಬರಹದಲ್ಲಿ ತಿಳಿಸಬೇಕೆಂಬ ಕಾನೂನಿದೆ. ಸಹಿ ಹಾಕುವ ಮುಂಚೆ ಆ ಹಾಳೆಯನ್ನು ಓದಿ.

ಕೊನೆಗೆ, ಸಂಪ್

ಬೆಂಗಳೂರಿನವರಿಗೆ ಸಂಪ್ ಎಂದರೆ ಕಾವೇರಿ ನೀರನ್ನು ಜೋಪಾನವಾಗಿ ತುಂಬಿಡುವ ತೊಟ್ಟಿ. ಇಲ್ಲಿ ತದ್ವಿರುದ್ಧ: ಮನೆಯಡಿಯ ನೀರನ್ನು ಸೇರಿಸಿ ಹೊರಗೆ ಎಸೆಯಲೆಂದೇ ಇರುವ ಗುಂಡಿ. ನಮ್ಮ ಪಂಪು ಕೆಟ್ಟಿರಲಿಲ್ಲ, ಕರೆಂಟ್ ಇರಲಿಲ್ಲ, ಅಷ್ಟೇ. ಬಿರುಗಾಳಿಯ ರಾತ್ರಿ ಪಂಪು ಬೇಕಾದಾಗಲೇ ಕರೆಂಟ್ ಹೋಗುತ್ತದೆಂಬುದು ನಮಗೆ ಹೊಳೆಯಲೇ ಇಲ್ಲ. ಈಗ ಪಕ್ಕದಲ್ಲಿ ಬ್ಯಾಟರಿಯ ಎರಡನೇ ಪಂಪ್ ಇದೆ, ಚರಂಡಿ ಪೈಪಿಗೆ ನೀರು ಹಿಂದಕ್ಕೆ ಬಾರದಂಥ ವಾಲ್ವ್ ಇದೆ. ತಿಂಗಳಿಗೊಮ್ಮೆ ಗುಂಡಿಗೆ ಒಂದು ಬಕೆಟ್ ನೀರು ಸುರಿದು, ಫ್ಲೋಟ್ ಮೇಲೆದ್ದು ಪಂಪ್ ಓಡುತ್ತದೆಯೇ ನೋಡಿ. ಆಮೇಲೆ ಮುಖ್ಯ ಪಂಪಿನ ಪ್ಲಗ್ ಕಿತ್ತು ಇನ್ನೊಂದು ಬಕೆಟ್. ಈಗ ಬ್ಯಾಟರಿಯದು ಓಡಬೇಕು. ಎರಡೂ ಓಡಿದ ಮೇಲೆ ಪ್ಲಗ್ ಮತ್ತೆ ಹಾಕುವುದನ್ನು ಮರೆಯಬೇಡಿ. ನಾನು ಒಮ್ಮೆ ಮರೆತಿದ್ದೆ, ಮೂರು ವಾರ.